ಪಟ್ಟಿ ದೊಡ್ಡದಾದ್ರೆ ಸಾಕಾ?

ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಪಟ್ಟಿ ಓಡಾಡ್ತಿರುತ್ತೆ, ನೋಡಿರ್ತೀರಿ. ಪ್ಲಂಬರ್, ಎಲೆಕ್ಟ್ರಿಷಿಯನ್, ಹಾಲಿನವರು, ನೀರಿನ ಟ್ಯಾಂಕರ್. ನಲವತ್ತು ನಂಬರ್ ಇದ್ದರೆ ಹತ್ತು ಸ್ವಿಚ್ ಆಫ್. ಇನ್ನು ನಾಲ್ಕೈದು ಜನ ಕೆಲಸ ಬಿಟ್ಟು ಊರು ಸೇರಿ ವರ್ಷವಾಗಿರುತ್ತೆ. ಪಟ್ಟಿ ಮಾತ್ರ ಬೆಳೀತಾನೇ ಇರುತ್ತೆ. ಯಾಕಂದ್ರೆ ಅದಕ್ಕೆ ಸೇರಿಸೋರು ಬೇಕಾದಷ್ಟು ಜನ ಇದ್ದಾರೆ, ತೆಗೆಯೋರು ಯಾರೂ ಇಲ್ಲ.

ಇಂಟರ್ನೆಟ್ಟಿಗೂ ಒಂದು ಕಾಲದಲ್ಲಿ ಇಂಥ ಪಟ್ಟಿಗಳೇ ದಾರಿ ತೋರಿಸ್ತಿದ್ದವು. ವೆಬ್ ಡೈರೆಕ್ಟರಿ ಅಂತ ಹೆಸರು. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಯಾಹೂ ತೆರೆದವರಿಗೆ ನೆನಪಿರುತ್ತೆ. ಅಲ್ಲಿ ಹುಡುಕೋದು ಅಂದ್ರೆ ಟೈಪ್ ಮಾಡೋದಷ್ಟೇ ಅಲ್ಲ, ಮೆಟ್ಟಿಲು ಇಳಿಯೋದು. ಮನರಂಜನೆ, ಅದರೊಳಗೆ ಸಂಗೀತ, ಅದರೊಳಗೆ ವಾದ್ಯಗಳು. ಲೈಬ್ರರಿಯ ರ‍್ಯಾಕುಗಳ ನಡುವೆ ಓಡಾಡಿದ ಹಾಗೆ.

ಅದು ಶುರುವಾಗಿದ್ದು 1994ರಲ್ಲಿ. ಸ್ಟ್ಯಾನ್‌ಫರ್ಡ್‌ನಲ್ಲಿ ಓದ್ತಿದ್ದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೋ ತಮಗೆ ಇಷ್ಟವಾದ ಸೈಟುಗಳ ಪಟ್ಟಿ ಮಾಡಿಟ್ಟರು. ಅದೇ ಯಾಹೂ ಆಯ್ತು. ಮರುವರ್ಷ ಸೇರಿಕೊಂಡ ಶ್ರೀನಿಜಾ ಶ್ರೀನಿವಾಸನ್ ಅನ್ನೋರಿಗೆ ಯಾವ ಸೈಟು ಯಾವ ಖಾನೆಗೆ ಹೋಗಬೇಕು ಅನ್ನೋ ವಿಂಗಡಣೆಯ ಹೊಣೆ ಸಿಕ್ಕಿತು. ಕೋಡ್ ಬರೆಯೋ ಕಂಪನಿಯಲ್ಲಿ ಗ್ರಂಥಪಾಲಕರ ಕೆಲಸ! ಒಂದೊಂದು ಸೈಟನ್ನೂ ಮನುಷ್ಯರು ತೆರೆದು ನೋಡಿ ಜಾಗ ಕೊಡ್ತಿದ್ರು.

ವೆಬ್ ಬೆಳೆದ ವೇಗಕ್ಕೆ ಯಾಹೂ ಸಿಬ್ಬಂದಿ ಸಾಲಲಿಲ್ಲ. 1998ರಲ್ಲಿ ರಿಚ್ ಸ್ಕ್ರೆಂಟಾ ಮತ್ತು ಬಾಬ್ ಟ್ರುಯೆಲ್ ಅನ್ನೋ ಇಬ್ಬರು ಎಂಜಿನಿಯರುಗಳು ಈ ಕೆಲಸವನ್ನ ಸ್ವಯಂಸೇವಕರಿಗೇ ಬಿಟ್ಟರೆ ಹೇಗೆ ಅಂತ ಹೊಸದೊಂದು ಡೈರೆಕ್ಟರಿ ಕಟ್ಟಿದ್ರು. (ಈ ಸ್ಕ್ರೆಂಟಾ ಹೈಸ್ಕೂಲ್ ಹುಡುಗನಾಗಿದ್ದಾಗ ಆಪಲ್ ಕಂಪ್ಯೂಟರಿಗೆ ವೈರಸ್ ಬರೆದು ಸ್ನೇಹಿತರನ್ನ ಗೋಳು ಹೊಯ್ಕೊಂಡಿದ್ದ ಆಸಾಮಿ. ಇರಲಿ.) ಅದೇ ವರ್ಷ ನೆಟ್‌ಸ್ಕೇಪ್ ಅದನ್ನ ಕೊಂಡುಕೊಂಡಿತು. ಓಪನ್ ಡೈರೆಕ್ಟರಿ, ಚಿಕ್ಕದಾಗಿ ಡಿಮಾಜ್, ಅಂತ ಹೆಸರಾಯ್ತು. 2017ರಲ್ಲಿ ಮುಚ್ಚುವಾಗ ಅದರಲ್ಲಿ ಸುಮಾರು 38 ಲಕ್ಷ ಸೈಟುಗಳು, 10 ಲಕ್ಷಕ್ಕೂ ಹೆಚ್ಚು ವಿಭಾಗಗಳು. ಅಷ್ಟು ವರ್ಷಗಳಲ್ಲಿ ಕೈ ಜೋಡಿಸಿದ ಎಡಿಟರುಗಳು 90 ಸಾವಿರಕ್ಕೂ ಹೆಚ್ಚು.

ಈ ದೊಡ್ಡ ದೊಡ್ಡ ಸಂಖ್ಯೆಗಳನ್ನೇ ಎಲ್ಲರೂ ಹೇಳ್ತಾರೆ. ನನಗೆ ಇಷ್ಟವಾಗೋದು ಅದರ ನಿಯಮಗಳು. ಎಡಿಟರ್ ಆಗಬೇಕು ಅಂದ್ರೆ ಮೊದಲು ಚಿಕ್ಕದೊಂದು ವಿಭಾಗ ಆರಿಸ್ಕೊಂಡು, ಅಲ್ಲಿಗೆ ಯಾವ ಸೈಟ್ ಸೇರಿಸ್ತೀರಿ, ಅದರ ಬಗ್ಗೆ ಏನು ಬರೀತೀರಿ ಅಂತ ತೋರಿಸಬೇಕಿತ್ತು. ನಿಮಗೆ ಸಂಬಂಧಪಟ್ಟ ಸೈಟುಗಳು ಯಾವ್ಯಾವು ಅನ್ನೋದನ್ನೂ ಮೊದಲೇ ಹೇಳಬೇಕು. ಸೈಟಿನ ಮಾಲೀಕರು ಕಳಿಸಿದ ವಿವರಣೆಯನ್ನ ಹಾಗೇ ಹಾಕೋ ಹಾಗಿರಲಿಲ್ಲ. ಉದಾಹರಣೆಗೆ, ಏಷ್ಯಾ, ಭಾರತ, ಕರ್ನಾಟಕ ಅಂತ ಇಳೀತಾ ಹೋದ್ರೆ ಸಿಗೋ ವಿಭಾಗಕ್ಕೆ ಒಬ್ಬ ಹೋಟೆಲಿನವರು ‘ಬೆಂಗಳೂರಿನ ನಂಬರ್ ಒನ್, ವಿಶ್ವದರ್ಜೆಯ ಆತಿಥ್ಯ’ ಅಂತ ಬರೆದು ಕಳಿಸಿದ್ರು ಅಂದ್ಕೊಳ್ಳಿ. ಎಡಿಟರ್ ಅದನ್ನ ‘ಜಯನಗರದಲ್ಲಿರುವ ಹೋಟೆಲ್. ಕೋಣೆಗಳ ವಿವರ, ದರ ಮತ್ತು ವಿಳಾಸ’ ಅಂತ ಮಾಡಬೇಕು. ಓದೋರಿಗೆ ಬೇಕಿರೋದು ಇಷ್ಟೇ ಅಲ್ವಾ? ಜೊತೆಗೆ ರೋಬೋಜಿಲ್ಲಾ ಅನ್ನೋ ಪ್ರೋಗ್ರಾಂ ಎಲ್ಲ ಲಿಂಕುಗಳನ್ನ ತಟ್ಟಿ ನೋಡಿ, ಸತ್ತಿರೋದಕ್ಕೆ ಗುರುತು ಹಾಕಿ ಎಡಿಟರ್ ಮುಂದೆ ಇಡ್ತಿತ್ತು. ಪುಟ ತೆರೆಯುತ್ತೋ ಇಲ್ವೋ ಅನ್ನೋದನ್ನ ಯಂತ್ರ ಹೇಳಬಲ್ಲದು. ತೆರೆದ ಪುಟ ಈಗಲೂ ಅದೇನಾ, ಇಲ್ಲಾ ಡೊಮೇನ್ ಕೈಬದಲಾಗಿ ಜೂಜಿನ ಸೈಟಾಗಿದೆಯಾ ಅನ್ನೋದಕ್ಕೆ ಆಗಿನ ಕಾಲಕ್ಕೆ ಮನುಷ್ಯರೇ ಬೇಕಿತ್ತು.

ಸೋತಿದ್ದೂ ಅಲ್ಲೇ. ಎಷ್ಟೋ ವಿಭಾಗಗಳಲ್ಲಿ ಎಡಿಟರುಗಳು ಕಾಲಕ್ರಮೇಣ ಬರೋದು ನಿಲ್ಲಿಸಿದ್ರು. ಸೇರಿಸಿ ಅಂತ ಕಳಿಸಿದವರು ತಿಂಗಳುಗಟ್ಟಲೆ ಕಾದರು. ಗೂಗಲ್ ಅಷ್ಟರಲ್ಲಿ ಬಾಕ್ಸಿನಲ್ಲಿ ಎರಡು ಪದ ಹಾಕಿದ್ರೆ ಉತ್ತರ ಕೊಡ್ತಿತ್ತು. ತಮಾಷೆ ಅಂದ್ರೆ ಗೂಗಲ್ ಕೂಡ ಕೆಲವು ವರ್ಷ ಡಿಮಾಜ್ ಪಟ್ಟಿಯನ್ನೇ ತಗೊಂಡು ತನ್ನ ಡೈರೆಕ್ಟರಿ ನಡೆಸಿತ್ತು.

ಅದಕ್ಕಿಂತ ಬೇಸರದ ಅಧ್ಯಾಯ ಇನ್ನೊಂದಿದೆ. ಲಿಂಕು ಹೆಚ್ಚಿದ್ರೆ ಗೂಗಲ್‌ನಲ್ಲಿ ಮೇಲೆ ಬರಬಹುದು ಅಂತ ಗೊತ್ತಾದ ಮೇಲೆ ನಾಯಿಕೊಡೆ ಥರ ಡೈರೆಕ್ಟರಿಗಳು ಎದ್ದವು. ದುಡ್ಡು ಕೊಟ್ಟರೆ ಯಾವ ಸೈಟಾದ್ರೂ ಸರಿ, ಯಾವ ಖಾನೆಯಾದ್ರೂ ಸರಿ. ನೋಡೋಕೆ ಥೇಟ್ ಯಾಹೂ ಥರಾನೇ. ಆದರೆ ಅವುಗಳಲ್ಲಿ ಒಬ್ಬ ಓದುಗನೂ ಕಾಲಿಡ್ತಿರಲಿಲ್ಲ. ಗೂಗಲ್ ಕೊನೆಗೆ ಇಂಥ ಕಳಪೆ ಡೈರೆಕ್ಟರಿ ಲಿಂಕುಗಳನ್ನ ಮೋಸದ ಪಟ್ಟಿಗೇ ಸೇರಿಸಿತು. ದುಡ್ಡು ತಗೊಂಡಿದ್ದೇ ತಪ್ಪು ಅಂತ ನಾನು ಹೇಳಲ್ಲ. ಯಾಹೂ ಕೂಡ ವ್ಯಾಪಾರಿ ಸೈಟುಗಳಿಂದ ವರ್ಷಕ್ಕೆ 299 ಡಾಲರ್ ತಗೊಳ್ತಿತ್ತು. ಆದರೆ ಅದು ಪರಿಶೀಲನೆಯ ಶುಲ್ಕ. ಪರಿಶೀಲಿಸಿ ಆಗಲ್ಲ ಅಂದ್ರೆ ಜಾಗವೂ ಇಲ್ಲ, ದುಡ್ಡೂ ವಾಪಸ್ ಇಲ್ಲ. ‘ಆಗಲ್ಲ’ ಅನ್ನೋ ಹಕ್ಕನ್ನ ಮಾರಿಕೊಂಡ ಮೇಲೆ ಅದು ಡೈರೆಕ್ಟರಿ ಅಲ್ಲ, ಜಾಹೀರಾತು ಗೋಡೆ.

ಇದೆಲ್ಲ ಹಳೇ ಕಥೆ, ಈಗ್ಯಾಕೆ ಅಂತ ಅನ್ಸಬಹುದು. 2021ರ ಏಪ್ರಿಲ್, ಮೇ ನೆನಪಿಸ್ಕೊಳ್ಳಿ. ಕೋವಿಡ್ ಎರಡನೇ ಅಲೆ. ಬೆಂಗಳೂರಲ್ಲಿ ಆಕ್ಸಿಜನ್ ಎಲ್ಲಿ, ಐಸಿಯು ಬೆಡ್ ಎಲ್ಲಿ ಅಂತ ಗೂಗಲ್ ಶೀಟುಗಳು ಹರಿದಾಡಿದ್ದವು. ಅವೂ ವೆಬ್ ಡೈರೆಕ್ಟರಿಗಳೇ. ಅವಸರದಲ್ಲಿ ಹುಟ್ಟಿದಂಥವು. ನಾವೊಂದಿಷ್ಟು ಸಹೋದ್ಯೋಗಿಗಳು ರಾತ್ರಿ ಕೂತು ಅಂಥದ್ದೊಂದು ಶೀಟಿನ ನಂಬರುಗಳಿಗೆ ಒಂದೊಂದಾಗಿ ಫೋನ್ ಮಾಡ್ತಿದ್ವಿ. ಒಬ್ಬರು ವೆಲ್ಡಿಂಗ್ ಅಂಗಡಿಯವರು ಫೋನ್ ಎತ್ತಿದವರೇ ಅಳೋ ದನಿಯಲ್ಲಿ ಕೇಳಿಕೊಂಡ್ರು: ‘ಸಾರ್, ಇದ್ದ ಸಿಲಿಂಡರೆಲ್ಲಾ ಮೂರು ದಿನದ ಹಿಂದೇನೇ ಕೊಟ್ಬಿಟ್ಟೆ. ರಾತ್ರಿಯೆಲ್ಲಾ ಫೋನ್ ಬರ್ತಿದೆ. ಇಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ. ದಯವಿಟ್ಟು ನನ್ನ ನಂಬರ್ ತೆಗೆಸಿ ಸಾರ್.’

ಆ ಒಂದು ಸಾಲನ್ನ ಅಳಿಸೋಕೆ ನಮಗೆ ಎರಡು ಸೆಕೆಂಡ್ ಸಾಕಾಯ್ತು. ಆದರೆ ಅದೇ ನಂಬರ್ ಇನ್ನೆಷ್ಟೋ ಗ್ರೂಪುಗಳಲ್ಲಿ ಫಾರ್ವರ್ಡ್ ಆಗ್ತಾನೇ ಇತ್ತು. ಮನೆಯಲ್ಲಿ ಉಸಿರಿಗೆ ಒದ್ದಾಡ್ತಿರೋರನ್ನ ಇಟ್ಕೊಂಡು ಸಾವಿರ ನಂಬರಿನ ಪಟ್ಟಿ ಹಿಡಿದವರಿಗೆ ಸತ್ತ ಒಂದೊಂದು ನಂಬರೂ ಎರಡು ನಿಮಿಷ ತಿನ್ನುತ್ತೆ. ಆ ದಿನಗಳಲ್ಲಿ ಜನ ನಂಬಿದ್ದು ಹನ್ನೆರಡೇ ನಂಬರಿದ್ದು, ಪಕ್ಕದಲ್ಲಿ ‘ಸಂಜೆ 4.10ಕ್ಕೆ ಮಾತಾಡಿದ್ದೇವೆ, ಎರಡು ಬೆಡ್ ಇದೆ’ ಅಂತ ಬರೆದಿದ್ದ ಶೀಟುಗಳನ್ನ. 4.10 ಅನ್ನೋ ಆ ಸಮಯ ಇತ್ತಲ್ಲ, ಪಟ್ಟಿಯ ಇಡೀ ಬೆಲೆ ಅದರಲ್ಲಿತ್ತು.

ಹಾಗಾಗಿ ಈಗ ಆಫೀಸಿನ ಲಿಂಕುಗಳ ಪುಟವಿರಲಿ, ಸ್ಕಾಲರ್‌ಶಿಪ್ ಪಟ್ಟಿಯಿರಲಿ, ಅಪ್ಪ ಅಮ್ಮನಿಗೆ ಡಾಕ್ಟರ್ ಹುಡುಕೋ ಆ್ಯಪ್ ಇರಲಿ, ಎಷ್ಟು ಹೆಸರುಗಳಿವೆ ಅಂತ ನಾನು ನೋಡಲ್ಲ. ಕೊನೇ ಸಲ ಯಾವಾಗ ನೋಡಿದ್ದಾರೆ ಅಂತ ದಿನಾಂಕ ಇದೆಯಾ, ತಪ್ಪಿದ್ರೆ ಹೇಳೋಕೆ ಜಾಗ ಇದೆಯಾ, ಹೇಳಿದ ಮೇಲೆ ನಿಜವಾಗ್ಲೂ ತೆಗೀತಾರಾ ಅಂತ ನೋಡ್ತೀನಿ. ಮೊದಲನೇ ಹೆಸರು ಮೊದಲು ಯಾಕೆ ಬಂತು ಅನ್ನೋದನ್ನೂ ನೋಡ್ತೀನಿ. ‘ಸ್ಪಾನ್ಸರ್ಡ್’ ಅಂತ ಸಣ್ಣಕ್ಷರದಲ್ಲಿ ಇರುತ್ತೆ, ಕನ್ನಡಕ ಹಾಕ್ಕೊಂಡು ಓದಿ.

ಅಂದ ಹಾಗೆ, ಡಿಮಾಜ್ ಮುಚ್ಚಿದ ಮೇಲೂ ಅದರ ಹಳೇ ಎಡಿಟರುಗಳು ಸುಮ್ಮನಾಗಲಿಲ್ಲ. ಅದೇ ಪಟ್ಟಿಯನ್ನ ಕರ್ಲೀ ಅನ್ನೋ ಹೆಸರಲ್ಲಿ ಮುಂದುವರಿಸಿದ್ದಾರೆ. ಎಡಿಟರ್ ಆಗೋಕೆ ಅರ್ಜಿ ಹಾಕಬಹುದು. ಸಂಬಳ ಅಂತೂ ಇಲ್ಲ.