ಮಾತಿನ ಬೇರು: ಕೂಲಿ ಯಾರು, ಕೂಲಿ ಏನು?



ಕಳೆದ ಬೇಸಗೆಯ ರಜೆಯಲ್ಲಿ ಊರಿಗೆ ಹೊರಟು, ಹೊಸದೆಹಲಿ ಸ್ಟೇಷನ್ನಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸಿಗಾಗಿ ಕಾದಿದ್ದೆವು. ಸಾಮಾನು ಬಹಳ, ನನ್ನ ತೋಳುಗಳೋ ಮುದಿ ತೋಳುಗಳು. ಮೊಮ್ಮಗ ಕೆಂಪಂಗಿಯವರೊಬ್ಬರನ್ನು ಕಂಡು "ಏ ಕೂಲಿ!" ಎಂದು ಕೂಗಿಬಿಟ್ಟ. ನನ್ನದೇ ವಯಸ್ಸಿನ ಆ ಮನುಷ್ಯ ತೋಳಿನ ಹಿತ್ತಾಳೆ ಬಿಲ್ಲೆಯನ್ನು ಸರಿಪಡಿಸಿಕೊಂಡು, ಏನೂ ಅನ್ನದೆ ಪೆಟ್ಟಿಗೆ ಎತ್ತಿದರು. ನನಗೆ ನಾಚಿಕೆಯಾಯಿತು. ಗಾಡಿ ಹೊರಟ ಮೇಲೆ ಹುಡುಗನನ್ನು ಕೇಳಿದರೆ, "ಅದು ಇಂಗ್ಲಿಷ್ ಮಾತಲ್ಲವೆ ತಾತಾ? ಡಿಕ್ಷನರಿಯಲ್ಲೇ ಇದೆ" ಎಂದ.

ಇರುವುದೇನೋ ನಿಜ. ಹಿಂದೂಸ್ಥಾನದಲ್ಲಿದ್ದ ಇಂಗ್ಲಿಷರು ಆಡುತ್ತಿದ್ದ ಮಾತುಗಳನ್ನೆಲ್ಲ ಕೂಡಿಸಿ ಹೆನ್ರಿ ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು ಸಿದ್ಧಪಡಿಸಿದ "ಹಾಬ್ಸನ್-ಜಾಬ್ಸನ್" ಕೋಶ 1886ರಲ್ಲಿ ಅಚ್ಚಾಯಿತು. ಅದರ ಹಾಳೆ ತಿರುವಿದರೆ ನಮ್ಮ ಮನೆಯ ಮಾತುಗಳೇ ಹ್ಯಾಟು ಹಾಕಿಕೊಂಡು ನಿಂತಿವೆ! "ಟೋಪ್" ಎಂದರೆ ಮಾವಿನ ತೋಪು. "ಬ್ಯಾಂಡಿ" ಎಂದರೆ ಬಂಡಿ. "ಫನಮ್" ಎಂಬುದು ತಮಿಳರ ಪಣಂ. ಹಳಗನ್ನಡದ ಪಾಲು ಹಾಲಾದಂತೆ ಪಣವು ನಮ್ಮಲ್ಲಿ ಹಣವಾಯಿತು. "ಕ್ಯಾಶ್" ಎಂಬುವು ಎರಡು: ನಗದು ಎಂಬರ್ಥದ್ದು ಹಣದ ಪೆಟ್ಟಿಗೆಗೆ ಫ್ರೆಂಚರು ಇಟ್ಟ ಹೆಸರಿನಿಂದ ಬಂದುದು, ಮದರಾಸಿನ ಚಿಲ್ಲರೆ ನಾಣ್ಯದ "ಕ್ಯಾಶ್" ನಮ್ಮ ಕಾಸು. ಇಂಗ್ಲಿಷಿನಲ್ಲಿ ಈ ಹಳೆಯ ಮಾತುಗಳೆಲ್ಲ ಈಗ ಮೂಲೆ ಸೇರಿವೆ. ಕೂಲಿ ಮಾತ್ರ ಉಳಿಯಿತು.

ಅದರ ಹುಟ್ಟಿನ ವಿಚಾರದಲ್ಲಿ ಎರಡು ಪಕ್ಷಗಳುಂಟು. ಗುಜರಾತಿನ ಕೋಲಿ ಎಂಬ ಜನರ ಹೆಸರಿನಿಂದ ಬಂತೆಂಬುದು ಒಂದು. ತಮಿಳು-ಕನ್ನಡಗಳ ಕೂಲಿಯಿಂದ ಎಂಬುದು ಇನ್ನೊಂದು. ಎರಡೂ ಬೆರೆತಿದ್ದರೂ ಬೆರೆತಿರಬಹುದು. ಆದರೆ ಕನ್ನಡದಲ್ಲಿ ಕೂಲಿ ಎಂದರೆ ಮೊದಲಿಗೆ ಮನುಷ್ಯನಲ್ಲ, ದುಡಿಮೆಗೆ ಸಲ್ಲುವ ಹಣ. ದುಡಿದವನು ಕೂಲಿಯಾಳು, ಕೂಲಿಕಾರ. ಕೂಲಿ ಅವನ ಕೈಸೇರಬೇಕಾದ ಹಕ್ಕು. ಇಂಗ್ಲಿಷಿನಲ್ಲಾದರೋ ಆ ಮಾತು ಕೈಗೆ ಬರುವ ಬದಲು ಮೈಗೆ ಅಂಟಿತು. 1834ರಿಂದ ಕಬ್ಬಿನ ತೋಟಗಳಿಗೆಂದು ಕರಾರಿನ ಮೇಲೆ ಮಾರಿಷಸ್ಸಿಗೆ ಹಡಗೇರಿದವರೆಲ್ಲ "ಕೂಲಿ"ಗಳೆನಿಸಿದರು. ಅವರು ಇಳಿದ ಕಟ್ಟೆಯ ಹೆಸರೂ ಕೂಲಿ ಘಾಟ್ ಆಯಿತು. ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿಯವರೂ "ಕೂಲಿ ಬ್ಯಾರಿಸ್ಟರ್" ಅನ್ನಿಸಿಕೊಂಡರು. ಬೆವರಿನ ಬೆಲೆಯಾಗಿದ್ದ ಮಾತು ಬೈಗುಳವಾಯಿತು.

2016ರ ರೈಲ್ವೆ ಬಜೆಟ್ಟಿನಲ್ಲಿ ಮಂತ್ರಿ ಸುರೇಶ್ ಪ್ರಭು ಅವರು ಇನ್ನು ಮುಂದೆ ಕೂಲಿಗಳನ್ನು "ಸಹಾಯಕ" ಎಂದು ಕರೆಯುವುದಾಗಿ ಸಾರಿದರು. ಒಳ್ಳೆಯದೇ ಆಯಿತು. ಆದರೆ ಹೆಸರು ಬದಲಾದ ಮಾತ್ರಕ್ಕೆ "ಏ" ಎಂಬ ಕೂಗು ನಿಲ್ಲುವುದೆ? ಅದನ್ನು ಮನೆಯಲ್ಲೇ ತಿದ್ದಬೇಕು.

ಇಷ್ಟನ್ನೂ ದಾರಿಯಲ್ಲಿ ಹುಡುಗನಿಗೆ ಹೇಳಿದೆ. ಕೇಳಿದನೋ, ನಿದ್ದೆ ಹೋದನೋ ತಿಳಿಯಲಿಲ್ಲ. ಮೂರನೆಯ ದಿನ ಬೆಂಗಳೂರಿನಲ್ಲಿ ಇಳಿದಾಗ ಅವನೇ ಮುಂದೆ ಹೋಗಿ ಕೆಂಪಂಗಿಯವರೊಬ್ಬರನ್ನು ಕೇಳಿದ: "ಅಣ್ಣಾ, ನಿಮ್ಮ ಕೂಲಿ ಎಷ್ಟು?"

ನಿಮ್ಮ ಮನೆಯಲ್ಲೂ ಇಂಥ ದಾರಿ ತಪ್ಪಿದ ಮಾತುಗಳಿದ್ದರೆ ಬರೆದು ಕಳುಹಿಸಿರಿ. ಮುಂದಿನ ಸಂಚಿಕೆಯಲ್ಲಿ ವಿಚಾರಿಸೋಣ.