ಮೊದಲ ರಾತ್ರಿಪಾಳಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಕನ್ನಡದಲ್ಲಿಯೇ ಓದಿದ ಹುಡುಗಿಗೆ ನರ್ಸಿಂಗ್ ಶಾಲೆಯಲ್ಲಿ ಮೊದಲು ಎದುರಾಗುವುದು ಇಂಗ್ಲಿಷ್ ಪಠ್ಯ. ಅಂಗರಚನೆ, ಔಷಧಶಾಸ್ತ್ರಗಳೆಲ್ಲವೂ ಪರಭಾಷೆಯಲ್ಲಿ. ತನ್ನ ಮಾತಿಗೆ ತಾನೇ ನಾಚುವಂತಹ ಅಳುಕು ಸಹಜ.

3 ವರ್ಷದ ಜಿ.ಎನ್.ಎಂ. ಅಥವಾ 4 ವರ್ಷದ ಬಿ.ಎಸ್ಸಿ. ಮುಗಿಸಿ, ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದ ಮೇಲೆಯೇ ಕೆಲಸಕ್ಕೆ ಅರ್ಹತೆ. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371-ಜೆ ವಿಧಿಯಿಂದ ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲು ದೊರೆತಿದೆ. 2015ರಲ್ಲಿ ಕೊಪ್ಪಳದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಆರಂಭವಾಯಿತು. ಊರಿನ ಸಮೀಪದಲ್ಲಿಯೇ ಸೇವೆ ಸಲ್ಲಿಸುವ ಆಸೆ ಈಗ ದೂರದ್ದಲ್ಲ.

ಮೊದಲ ರಾತ್ರಿಪಾಳಿಯಲ್ಲಿ ಮುದುಕಿಯೊಬ್ಬಳು “ಯವ್ವಾ, ಎದ್ಯಾಗ ಹಿಡದಂಗಾಗೇತಿ” ಎಂದರೆ ಆ ಮಾತಿನ ಗಾಂಭೀರ್ಯ ಇಂತಹ ದಾದಿಗೆ ಒಡನೆಯೇ ತಿಳಿಯುತ್ತದೆ. ನಾಡಿ, ರಕ್ತದೊತ್ತಡಗಳನ್ನು ನೋಡಿ ಅವಳು ತಡಮಾಡದೆ ವೈದ್ಯರನ್ನು ಕರೆಸಬೇಕು. ಔಷಧದ ಪ್ರಮಾಣದಲ್ಲಿ ಸಂದೇಹ ಬಂದರೆ ಹಿರಿಯ ದಾದಿಯನ್ನು ಕೇಳುವುದರಲ್ಲಿ ಅವಮಾನವಿಲ್ಲ. ಕೇಳದಿದ್ದರೆ ರೋಗಿಗೆ ಅಪಾಯ. ಇಂಗ್ಲಿಷನ್ನು ಶ್ರಮಪಟ್ಟು ಕಲಿಯಲೇಬೇಕು. ಆದರೆ ಶಾಲೆಯಲ್ಲಿ ಆಡಲು ನಾಚಿದ ಊರಿನ ಮಾತೇ ವಾರ್ಡಿನಲ್ಲಿ ಒಂದು ಜೀವವನ್ನುಳಿಸಬಹುದೆಂಬುದನ್ನು ಅವಳು ಮರೆಯಬಾರದು.