ನೀರೊಳಗಿನ ಕಿವಿ

ಕುಡಚಿ ಹತ್ತಿರ ಕೃಷ್ಣಾ ಹೊಳೆಯಲ್ಲಿ ನಾವು ಹುಡುಗರು ಒಂದು ಆಟ ಆಡುತ್ತಿದ್ದೆವು. ಒಬ್ಬ ನೀರಲ್ಲಿ ಮುಳುಗುವುದು, ಇನ್ನೊಬ್ಬ ನೀರೊಳಗೇ ಎರಡು ಕಲ್ಲು ಕುಟ್ಟುವುದು. ಸದ್ದು ಕೇಳುತ್ತಿತ್ತು, ಯಾವ ಕಡೆಯದೆಂದು ತಿಳಿಯುತ್ತಿರಲಿಲ್ಲ. ಮಕ್ಕಳೇ, ಹೊಳೆಯಲ್ಲಿ ಮೊಸಳೆಗಳಿವೆ. ನೀವು ಈಜುಕೊಳದಲ್ಲಿ, ಹಿರಿಯರ ಜೊತೆ ಆಡಿ ನೋಡಿ.

ನೀರಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ಜೋರಾಗಿ ಓಡುತ್ತದೆ. ತಲೆಬುರುಡೆಯೇ ನಡುಗಿ ಅದನ್ನು ಎರಡೂ ಕಿವಿಗೆ ಮುಟ್ಟಿಸುತ್ತದೆ. ಅದಕ್ಕೇ ದಿಕ್ಕು ತಪ್ಪುವುದು.

ಡಾಲ್ಫಿನ್, ಪೈಲಟ್ ತಿಮಿಂಗಿಲಗಳಿಗೆ ಈ ತೊಂದರೆಯಿಲ್ಲ. ಅವುಗಳ ಕಿವಿ ಎಲುಬು ಬುರುಡೆಗೆ ಬೆಸೆದಿಲ್ಲ. ತೊಟ್ಟಿಲಿನಂತೆ ತಂತುಗಳಿಂದ ತೂಗುತ್ತದೆ, ಸುತ್ತ ಗಾಳಿಚೀಲಗಳಿವೆ. ಸದ್ದು ಬರುವುದು ಕೆಳದವಡೆಯ ಕೊಬ್ಬಿನ ದಾರಿಯಿಂದ. ಆದರೆ ಸ್ಪರ್ಮ್ ತಿಮಿಂಗಿಲದಲ್ಲಿ ಎಲುಬು ತುಸು ಬುರುಡೆಗೆ ಅಂಟಿರುತ್ತದೆ. ಈ ಎಲುಬು ಎಷ್ಟು ಗಟ್ಟಿಯೆಂದರೆ, 1872–76ರಲ್ಲಿ ಚಾಲೆಂಜರ್ ಹಡಗಿನವರು ಆಳಸಮುದ್ರದ ತಳ ಕೆರೆದಾಗ ತಿಮಿಂಗಿಲಗಳ ಕಿವಿ ಎಲುಬುಗಳು ಹೇರಳವಾಗಿ ಸಿಕ್ಕವು.

ಇಂಥ ಕಿವಿಯಿದ್ದೂ 2016ರ ಜನವರಿಯಲ್ಲಿ ತಮಿಳುನಾಡಿನ ಮಣಪಾಡ್ ಬಳಿ 80ಕ್ಕೂ ಹೆಚ್ಚು ಪೈಲಟ್ ತಿಮಿಂಗಿಲಗಳು ದಂಡೆಗೆ ಬಂದು ಬಿದ್ದವು. ಅದೇ ತಿಂಗಳು ಯುರೋಪಿನ ಉತ್ತರ ಸಮುದ್ರದ ತೀರಗಳಲ್ಲಿ ಸ್ಪರ್ಮ್ ತಿಮಿಂಗಿಲಗಳೂ ಸತ್ತವು. ಇಳಿಜಾರು ಕಡಿಮೆಯಿರುವ ಮರಳು ದಂಡೆಯಿಂದ ಪ್ರತಿಧ್ವನಿ ಸರಿಯಾಗಿ ತಿರುಗಿ ಬರುವುದಿಲ್ಲ ಎಂಬುದು ವಿಜ್ಞಾನಿಗಳು ಕೊಡುವ ಒಂದು ಕಾರಣ.

ಮಣಪಾಡಿನ ಮೀನುಗಾರರು ಕೆಲವನ್ನು ದೋಣಿಗೆ ಕಟ್ಟಿ ಆಳಕ್ಕೆ ಎಳೆದು ಬಿಟ್ಟರು. ಹಲವು ಮತ್ತೆ ದಂಡೆಗೇ ಬಂದವು. ಪೈಲಟ್ ತಿಮಿಂಗಿಲಗಳದು ಅಜ್ಜಿ, ತಾಯಿ, ಮರಿ ಕೂಡಿ ಬಾಳುವ ಮನೆತನ. ತಮ್ಮವರು ದಂಡೆಯಲ್ಲಿ ಬಿದ್ದಿರುವಾಗ ಅವು ಬಿಟ್ಟು ಹೋಗಲು ಒಲ್ಲವು. ಒಂದನ್ನು ಉಳಿಸಬೇಕಾದರೆ ಇಡೀ ಮನೆಯನ್ನೇ ಉಳಿಸಬೇಕು.